ನೋಡಬೇಕಾದ ಬಣ್ಣ, ನೋಡಬಾರದ ಬಣ್ಣ



ಕಳೆದ ಶ್ರಾವಣ ಮಾಸದ ಶಿವಾನುಭವ ಗೋಷ್ಠಿಯಲ್ಲಿ ನಡೆದ ಒಂದು ಪ್ರಸಂಗದಿಂದ ಈ ಬರಹವನ್ನು ಆರಂಭಿಸುತ್ತೇವೆ. ವೈದ್ಯಕೀಯ ಓದುತ್ತಿರುವ ಭಕ್ತರ ಮನೆಯ ಹುಡುಗನೊಬ್ಬ ಆರೋಗ್ಯದ ಬಗ್ಗೆ ನಾಲ್ಕು ಮಾತು ಆಡುತ್ತ, ಕಪ್ಪು ಹಾಗೂ ಕಂದು ಮೈಬಣ್ಣದವರ ಚರ್ಮರೋಗಗಳಿಗಾಗಿ ಹೊರದೇಶಗಳಲ್ಲಿ ಪ್ರತ್ಯೇಕ ಪುಸ್ತಕಗಳು ಬರುತ್ತಿವೆ, ಪ್ರತ್ಯೇಕ ಸಂಶೋಧನೆ ನಡೆಯುತ್ತಿದೆ ಎಂದು ಹೇಳಿದನು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕೂಡಲೇ ಎದ್ದು, “ತಮ್ಮಾ, ಎಲ್ಲಾರ ಮೈಯಾಗೂ ಹರಿಯೂದು ಒಂದ ರಕ್ತ ಅಂತ ಈ ಮಠದಾಗ ನಾವು ಸಣ್ಣವರಿದ್ದಾಗಿಂದ ಕೇಳೇವಿ. ಕರಿಯರಿಗೊಂದು ಪುಸ್ತಕ, ಬಿಳಿಯರಿಗೊಂದು ಪುಸ್ತಕ ಅಂದ್ರ ಮತ್ತ ಭೇದಾನ ಬಂತಲ್ಲ?” ಎಂದರು. ಸಭೆಯಲ್ಲಿ ಚಪ್ಪಾಳೆ ಬಿತ್ತು. ಹುಡುಗ ಉತ್ತರಕ್ಕೆ ತಡವರಿಸಿದ. ನಿರೂಪಣೆ ನಮ್ಮದೇ ಆಗಿತ್ತು. ವೇಳೆ ಮೀರಿತೆಂದು ಹೇಳಿ ಮಂಗಳಕ್ಕೆ ಕರೆದುಬಿಟ್ಟೆವು.

ಸಭೆ ಮುಗಿದರೂ ಪ್ರಶ್ನೆ ಮುಗಿಯಲಿಲ್ಲ. ಅದೇ ವಾರ ಮೈಬಣ್ಣಕ್ಕೆ ಸಂಬಂಧಿಸಿದ ನಮ್ಮದೇ ಒಂದು ತಪ್ಪು ಮಠದ ಕಚೇರಿಗೆ ಬಂದು ನಮ್ಮ ಎದುರಿಗೇ ಕುಳಿತಿತು. ಅದನ್ನು ಮುಂದೆ ಹೇಳುತ್ತೇವೆ. ಮೊದಲು ಹಿರಿಯರ ಪ್ರಶ್ನೆಯನ್ನು ನೋಡೋಣ. ನಾವು ವೈದ್ಯರಲ್ಲ, ವಾಣಿಜ್ಯ ಓದಿ ಮಠದ ಲೆಕ್ಕಪತ್ರ ನೋಡಿಕೊಂಡಿರುವವರು. ಬಲ್ಲವರನ್ನು ಕೇಳಿ ತಿಳಿದುದನ್ನು ತಮ್ಮ ಮುಂದಿಡುತ್ತಿದ್ದೇವೆ.

ಚರ್ಮ ಒಂದೇ, ಲಕ್ಷಣ ಬೇರೆ

ಹಿರಿಯರು ಹೇಳಿದ್ದರಲ್ಲಿ ದೊಡ್ಡ ಸತ್ಯವಿದೆ. ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ದ್ರವ್ಯ. ಅದನ್ನು ತಯಾರಿಸುವ ಜೀವಕೋಶಗಳಿಗೆ ಮೆಲನೋಸೈಟ್ ಎಂದು ಹೆಸರು. ಕಡುಕಪ್ಪು ಮನುಷ್ಯನಲ್ಲಿಯೂ ಹಾಲುಬಿಳುಪಿನವನಲ್ಲಿಯೂ ಈ ಜೀವಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಬಣ್ಣದ ಕಣಗಳ ಗಾತ್ರ, ಪ್ರಮಾಣ ಹಾಗೂ ಹಂಚಿಕೆಯಲ್ಲಿ ಮಾತ್ರ ವ್ಯತ್ಯಾಸ. ನಾವು ಇಷ್ಟೊಂದು ದೊಡ್ಡದು ಮಾಡಿಕೊಂಡಿರುವ ಕಪ್ಪು ಬಿಳುಪಿನ ಅಂತರ ಇಷ್ಟೇ. ಬಿಸಿಲಿನ ನಾಡಿನಲ್ಲಿ ಹುಟ್ಟಿದವರ ಮೈಗೆ ನಿಸರ್ಗವೇ ಹೊದಿಸಿದ ಕೊಡೆ ಅದು.

ಆದರೆ ಈ ಅಂತರವು ರೋಗ ಕಾಣಿಸಿಕೊಳ್ಳುವ ರೀತಿಯನ್ನು ಬದಲಿಸುತ್ತದೆ ಎಂಬುದನ್ನು ನಾವು ಮನಗಾಣಬೇಕು. ಚರ್ಮದಲ್ಲಿ ಉರಿಯೂತವಾದರೆ ಕೆಂಪಾಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಬಿಳಿ ಮೈಯ ಮೇಲೆ ಅದು ನಿಜ. ಕಪ್ಪು ಮೈಯ ಮೇಲೆ ಅದೇ ಉರಿಯೂತ ನೇರಳೆಯಾಗಿ, ಕಡುಕಂದಾಗಿ, ಕೆಲವೊಮ್ಮೆ ಬೂದಿಯಾಗಿ ಕಾಣುತ್ತದೆ. ಕೆಂಪನ್ನೇ ಹುಡುಕುವ ಕಣ್ಣಿಗೆ ಅದು ಕಾಣದೇ ಹೋಗಬಹುದು. ಕಾಲಿಗೆ ಸೋಂಕು ತಗಲಿ ಬಾತಾಗ ಕೆಂಪು ಕಾಣಲಿಲ್ಲವೆಂದು ಸುಮ್ಮನೆ ಕುಳಿತರೆ ಜ್ವರ ಏರುತ್ತದೆ. ಕೈಯಿಟ್ಟು ಬಿಸಿ ನೋಡಬೇಕು, ಇನ್ನೊಂದು ಕಾಲಿನೊಡನೆ ಹೋಲಿಸಬೇಕು. ಉಸಿರು ಕಟ್ಟಿದವರ ಮೈ ನೀಲಿಯಾಗಿದೆಯೇ ಎಂದು ಕೆನ್ನೆ ನೋಡಿದರೆ ಸಾಲದು. ತುಟಿ, ನಾಲಿಗೆ, ವಸಡು ನೋಡಬೇಕು. ಕಾಮಾಲೆ ಇದೆಯೇ ಎಂದು ತಿಳಿಯಲು ಕಣ್ಣಿನ ಬಿಳಿ ನೋಡಬೇಕು. ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಅವರು ಕೂಸಿನ ಕಣ್ಣೆವೆ ಎತ್ತಿ ನೋಡುತ್ತಿದ್ದರು.

ಇನ್ನೂ ಕೆಲವು ಮಾತು. ಮೊಡವೆಯೋ ಗಾಯವೋ ಮಾಯ್ದ ಮೇಲೆ ನಮ್ಮಂಥವರ ಚರ್ಮದಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಿಳಿಯರಿಗೆ ಮೊಡವೆಯೇ ರೋಗ, ನಮಗೆ ಮೊಡವೆ ಹೋದ ಮೇಲಿನ ಕಲೆಯೂ ರೋಗ. ಕುಷ್ಠದ ಮಚ್ಚೆ ಬಿಳಿ ಮೈಯಲ್ಲಿ ಕೆಂಪಾಗಿ ಕಾಣುವುದುಂಟು. ನಮ್ಮಲ್ಲಿ ಸಾಮಾನ್ಯವಾಗಿ ಸುತ್ತಲಿನ ಚರ್ಮಕ್ಕಿಂತ ಮಂಕಾಗಿ, ಸ್ಪರ್ಶಜ್ಞಾನವಿಲ್ಲದೆ ಇರುತ್ತದೆ. ಚರ್ಮದ ಕ್ಯಾನ್ಸರ್ ಕಪ್ಪು ಮೈಯವರಿಗೆ ಬರುವುದೇ ಇಲ್ಲವೆಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಕಡಿಮೆ ಬರುತ್ತದೆ, ನಿಜ. ಬಂದಾಗ ಮೆಲನೋಮ ಎಂಬ ಉಗ್ರ ಜಾತಿಯ ಕ್ಯಾನ್ಸರ್ ಹೆಚ್ಚಾಗಿ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ ಬರುತ್ತದೆ. ಜಮೈಕಾ ದೇಶದ ಪ್ರಖ್ಯಾತ ಗಾಯಕ ಬಾಬ್ ಮಾರ್ಲಿಯವರಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನ ಕೆಳಗೆ ಪತ್ತೆಯಾದುದು ಇದೇ ಕಾಯಿಲೆ. 1981ರಲ್ಲಿ ತಮ್ಮ 36ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಬರಿಗಾಲಲ್ಲಿ ಹೊಲದ ಕೆಲಸ ಮಾಡುವ ನಮ್ಮ ರೈತಬಾಂಧವರು ಅಂಗಾಲಿನ ವಾಸಿಯಾಗದ ಕಪ್ಪು ಮಚ್ಚೆಯನ್ನು ಮುಳ್ಳು ಚುಚ್ಚಿದ್ದೆಂದು ವರ್ಷಗಟ್ಟಲೆ ಬಿಡಬಾರದು.

ಯಾರ ಮೈಯ ಅಳತೆಗೋಲು?

ಇಷ್ಟೆಲ್ಲ ಇದ್ದರೂ ವೈದ್ಯಶಾಸ್ತ್ರ ಬಹುಕಾಲ ಒಂದೇ ಚರ್ಮವನ್ನು ಅಳತೆಗೋಲಾಗಿ ಇಟ್ಟುಕೊಂಡಿತ್ತು. ಚರ್ಮದ ಬಗೆಗಳನ್ನು ವಿಂಗಡಿಸಲು ಜಗತ್ತಿನ ವೈದ್ಯರು ಇಂದಿಗೂ ಬಳಸುವ ಪಟ್ಟಿಯನ್ನು 1975ರಲ್ಲಿ ರೂಪಿಸಿದವರು ಅಮೆರಿಕದ ಥಾಮಸ್ ಫಿಟ್ಜ್‌ಪ್ಯಾಟ್ರಿಕ್. ಬೆಳಕಿನ ಚಿಕಿತ್ಸೆ ಕೊಡುವಾಗ ಎಷ್ಟು ಪ್ರಮಾಣದಿಂದ ಆರಂಭಿಸಬೇಕೆಂದು ತಿಳಿಯಲು ಮಾಡಿದ ಪಟ್ಟಿ ಅದು. ಅದರಲ್ಲಿ ಮೊದಲು ಇದ್ದುದು ನಾಲ್ಕೇ ಬಗೆ, ನಾಲ್ಕೂ ಬಿಳಿ ಚರ್ಮದವು. ಕಂದು ಮತ್ತು ಕಪ್ಪು ಎಂಬ ಐದನೆಯ, ಆರನೆಯ ಮನೆಗಳನ್ನು ಆಮೇಲೆ ಸೇರಿಸಿದರು. ಬಿಳಿಯರಲ್ಲಿ ನಾಲ್ಕು ಸೂಕ್ಷ್ಮ ವ್ಯತ್ಯಾಸ ಗುರುತಿಸಿದ ಶಾಸ್ತ್ರಕ್ಕೆ ಜಗತ್ತಿನ ಕಂದು, ಕಪ್ಪು ಜನರೆಲ್ಲ ಸೇರಿ ಎರಡೇ ಮನೆ ಸಾಕೆನಿಸಿತು. ಇದರಲ್ಲಿ ದ್ವೇಷವಿರಲಿಲ್ಲ. ಎದುರಿಗೆ ಯಾರು ಕುಳಿತಿದ್ದರೋ ಅವರನ್ನು ಅಳೆದರು. ಆದರೆ ಎದುರಿಗೆ ಕುಳಿತಿಲ್ಲದವರಿಗೂ ಅದೇ ಅಳತೆಯಾಯಿತು.

ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಆಮ್ಲಜನಕ ಅಳೆಯುವ ಯಂತ್ರ ಎಲ್ಲರಿಗೂ ನೆನಪಿರಬಹುದು. ನಮ್ಮ ಮಠದಿಂದಲೂ ಹಳ್ಳಿಗಳಿಗೆ ಹಂಚಿದೆವು. ಅದು ಚರ್ಮದ ಮೂಲಕ ಬೆಳಕು ಹಾಯಿಸಿ ಲೆಕ್ಕ ಹೇಳುವ ಯಂತ್ರ. ಅಮೆರಿಕದ ಮಿಷಿಗನ್‌ನ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಯಂತ್ರವು 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತ ಪರೀಕ್ಷೆಯಲ್ಲಿ ಆಮ್ಲಜನಕ 88ಕ್ಕಿಂತ ಕೆಳಗೆ ಇದ್ದ ಪ್ರಸಂಗಗಳು ಬಿಳಿಯ ರೋಗಿಗಳಲ್ಲಿ ಶೇ. 3.6, ಕಪ್ಪು ರೋಗಿಗಳಲ್ಲಿ ಶೇ. 11.7. ಯಂತ್ರಕ್ಕೆ ಜಾತಿ ತಿಳಿಯದು, ಬಣ್ಣದ ಬಗ್ಗೆ ಅಸೂಯೆಯೂ ಇಲ್ಲ. ಎಲ್ಲ ಬೆರಳನ್ನೂ ಅದು ಸಮಾನವಾಗಿ ನೋಡಿತು. ಸಮಾನವಾಗಿ ನೋಡಿದ್ದರಿಂದಲೇ ತಪ್ಪು ಹೇಳಿತು. ಹಿರಿಯರ ಪ್ರಶ್ನೆಗೆ ಉತ್ತರದ ಮೊದಲ ಎಳೆ ನಮಗೆ ಸಿಕ್ಕಿದ್ದು ಇಲ್ಲಿ.

ಗಡಿನಾಡಿನ ನಮಗೆ ಇದು ಅರ್ಥವಾಗದ ಮಾತಲ್ಲ. ತಹಸೀಲ ಕಚೇರಿಯಲ್ಲಿ ಎಲ್ಲರಿಗೂ ಒಂದೇ ಅರ್ಜಿ ಕೊಡುತ್ತಾರೆ, ಭೇದವೇನೂ ಮಾಡುವುದಿಲ್ಲ. ಆದರೆ ಅರ್ಜಿ ಇರುವುದು ಮರಾಠಿಯಲ್ಲಿ, ನಮ್ಮ ಅಜ್ಜಿಗೆ ಬರುವುದು ಕನ್ನಡ. ಒಂದೇ ಅರ್ಜಿ ಕೊಟ್ಟದ್ದು ಸಮಾನತೆ ನಿಜ. ಅಜ್ಜಿಯ ಪಿಂಚಣಿ ಮಾತ್ರ ನಿಂತಿತು. ನಮ್ಮದಲ್ಲದ ಅಚ್ಚಿನಲ್ಲಿ ನಮ್ಮನ್ನು ಅಳೆದಾಗ ಆಗುವ ನಷ್ಟ ಎಂಥದೆಂದು ಸೊಲ್ಲಾಪುರ, ಜತ್ತ, ಅಕ್ಕಲಕೋಟದವರಿಗೂ ಆದವಾನಿ, ಕಾಸರಗೋಡಿನವರಿಗೂ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಈ ಕೊರತೆಯನ್ನು ತುಂಬಲು ಕೆಲವರು ದುಡಿದಿದ್ದಾರೆ. ಡಾ. ಸೂಸನ್ ಟೇಲರ್ ಅವರು 1999ರಲ್ಲಿ ನ್ಯೂಯಾರ್ಕಿನಲ್ಲಿ ಕಪ್ಪು, ಕಂದು ಚರ್ಮದವರಿಗಾಗಿಯೇ ಒಂದು ಕೇಂದ್ರ ತೆರೆದರು, 2004ರಲ್ಲಿ ಅದೇ ಉದ್ದೇಶದ ವೈದ್ಯರ ಸಂಘವನ್ನು ಕಟ್ಟಿದರು. ಲಂಡನ್ನಿನಲ್ಲಿ ವೈದ್ಯಕೀಯ ಓದುತ್ತಿದ್ದ ಮಲೋನ್ ಮುಕ್ವೆಂಡೆ ಎಂಬ ಯುವಕ, ಪಾಠದಲ್ಲಿ ಹೇಳುವ ಲಕ್ಷಣ ತನ್ನಂಥವರ ಮೈಮೇಲೆ ಹೇಗೆ ಕಾಣುತ್ತದೆಂದು ಗುರುಗಳನ್ನು ಕೇಳಿದ. ಆ ಪ್ರಶ್ನೆ ಬೆಳೆದು ಅವನೂ ಅವನ ಅಧ್ಯಾಪಕರಿಬ್ಬರೂ ಕೂಡಿ 2020ರಲ್ಲಿ ‘ಮೈಂಡ್ ದ ಗ್ಯಾಪ್’ ಎಂಬ ಕೈಪಿಡಿ ಹೊರತಂದರು. ನೈಜೀರಿಯಾದ ಚಿದಿಯೆಬೆರೆ ಇಬೆ ಬರೆದ, ಕಪ್ಪು ತಾಯಿಯ ಗರ್ಭದಲ್ಲಿ ಕಪ್ಪು ಶಿಶುವಿರುವ ಚಿತ್ರವನ್ನು 2021ರಲ್ಲಿ ಕಂಡ ಅನೇಕರು, ಇಂಥ ಚಿತ್ರವನ್ನು ತಾವು ಹಿಂದೆಂದೂ ನೋಡಿರಲಿಲ್ಲವೆಂದು ಬೆರಗಾದರು. ನಮ್ಮ ದೇಶದ ಚರ್ಮವೈದ್ಯರ ಮಾತು ಬೇರೆ. ಅವರು ದಿನಬೆಳಗಾದರೆ ನೋಡುವುದೇ ಕಂದು ಚರ್ಮ. 1973ರಿಂದ ಅವರ ಅಖಿಲ ಭಾರತ ಸಂಘವಿದೆ, ತಮ್ಮದೇ ಪತ್ರಿಕೆ ಇದೆ. ಆದರೆ ಕಣ್ಣು ನಮ್ಮದಾದರೂ ಕೈಯಲ್ಲಿರುವ ಯಂತ್ರ, ಪಟ್ಟಿಗಳು ಬಹಳಷ್ಟು ಹೊರಗಿನವು.

ಕಪ್ಪು ಚರ್ಮವನ್ನು ಶಾಸ್ತ್ರ ನೋಡಲೇ ಇಲ್ಲವೆಂದೂ ಹೇಳುವಂತಿಲ್ಲ. ನೋಡಬಾರದ ರೀತಿಯಲ್ಲಿ ನೋಡಿದ್ದುಂಟು. ಅಮೆರಿಕದ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಸೆರೆಮನೆಯಲ್ಲಿ 1951ರಿಂದ 1974ರ ವರೆಗೆ ಆಲ್ಬರ್ಟ್ ಕ್ಲಿಗ್‌ಮನ್ ಎಂಬ ಚರ್ಮವೈದ್ಯರು ಕೈದಿಗಳ ಮೈಮೇಲೆ ಪ್ರಯೋಗ ನಡೆಸಿದರು. ಆ ಕೈದಿಗಳಲ್ಲಿ ಹೆಚ್ಚಿನವರು ಕಪ್ಪು ಜನ. ಸೆರೆಯಲ್ಲಿದ್ದವನಿಗೆ ನಾಲ್ಕು ಡಾಲರ್ ತೋರಿಸಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. 2021ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗವೂ 2022ರಲ್ಲಿ ಆ ನಗರದ ಆಡಳಿತವೂ ಇದಕ್ಕಾಗಿ ಕ್ಷಮೆ ಕೇಳಿದವು. ಇದೇ ಕ್ಲಿಗ್‌ಮನ್ ಅವರು ಸಹೋದ್ಯೋಗಿಯೊಬ್ಬರೊಡನೆ 1975ರಲ್ಲಿ ಮೂರು ಔಷಧ ಬೆರೆಸಿ ಚರ್ಮದ ಬಣ್ಣ ಇಳಿಸುವ ಸೂತ್ರವೊಂದನ್ನು ಪ್ರಕಟಿಸಿದರು. ಅದರಲ್ಲಿ ಮೂರನೆಯದು ಸ್ಟೆರಾಯ್ಡ್. ವೈದ್ಯರ ಕೈಯಲ್ಲಿ, ಬಂಗಿನಂಥ ಕಲೆಗೆ, ಕೆಲವೇ ವಾರಗಳ ಮಟ್ಟಿಗೆ ಆ ಬಗೆಯ ಮಿಶ್ರಣ ಔಷಧವೇ ಸರಿ. ಆದರೆ ಅದರ ವಂಶದ ಒಂದು ಟ್ಯೂಬು ಸಾಗರ ದಾಟಿ ನಮ್ಮ ಹಳ್ಳಿಯೊಂದರ ಕನ್ನಡಿಯ ಮುಂದೆ ಬಂದು ಕುಳಿತ ಕಥೆಯೇ ಮುಂದಿನದು.

ನಮ್ಮ ದಫ್ತರದ ತಪ್ಪು

ಶ್ರೀಮಠದಲ್ಲಿ ವಧೂವರರ ದಫ್ತರ ಇರುವುದು ತಮಗೆಲ್ಲ ತಿಳಿದೇ ಇದೆ. ಹೆಸರು, ಊರು, ವಿದ್ಯೆ, ಎತ್ತರದ ಜೊತೆಗೆ ಅದರಲ್ಲಿ ‘ಬಣ್ಣ’ ಎಂಬ ಕಾಲಂ ಇತ್ತು. ಎರಡು ವರ್ಷಗಳ ಹಿಂದೆ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ತಾಯಿ ಮಗಳ ನೋಂದಣಿಗೆ ಬಂದರು. ಮಗಳು ಶಿಕ್ಷಕರ ತರಬೇತಿ ಮುಗಿಸಿದ ಹುಡುಗಿ, ಕಪ್ಪು ಬಣ್ಣ. ಕಪ್ಪು ಎಂದು ಬರೆದರೆ ಪುಟ ತಿರುವಿ ಹಾಕುತ್ತಾರೆಂದು ನಮಗೆ ಅನುಭವವಿತ್ತು. ಕನಿಕರದಿಂದಲೇ ‘ಗೋಧಿ ಬಣ್ಣ’ ಎಂದು ಬರೆದೆವು. ಉಪಕಾರ ಮಾಡಿದೆವೆಂದೇ ತಿಳಿದಿದ್ದೆವು.

ನಾವು ಬರೆದುದನ್ನು ನಂಬಿ ಒಂದು ಕಡೆಯವರು ನೋಡಲು ಬರುತ್ತೇವೆಂದರು. ಮನೆಯವರಿಗೆ ಚಿಂತೆ ಹತ್ತಿತು. ದಫ್ತರದಲ್ಲಿ ಗೋಧಿ, ಮನೆಯಲ್ಲಿ ಹುಡುಗಿ ಕಪ್ಪು. ಔಷಧದ ಅಂಗಡಿಯಿಂದ ಚೀಟಿಯಿಲ್ಲದೆ ಒಂದು ಟ್ಯೂಬು ತಂದರು. ಹದಿನೈದು ದಿನದಲ್ಲಿ ಮುಖ ತಿಳಿಯಾಯಿತು. ನೋಡಲು ಬಂದವರು ಕೈಕಾಲಿನ ಬಣ್ಣ ನೋಡಿ ಎದ್ದುಹೋದರು. ಹುಡುಗಿ ಹಚ್ಚುವುದನ್ನು ಬಿಡಲಿಲ್ಲ, ಬಿಡಲು ಆಗಲಿಲ್ಲ. ಒಂದು ದಿನ ಬಿಟ್ಟರೆ ಮುಖ ಉರಿಯುತ್ತಿತ್ತು, ಮತ್ತೆ ಹಚ್ಚಿದರೆ ತಣ್ಣಗಾಗುತ್ತಿತ್ತು. ಗೋಷ್ಠಿ ನಡೆದ ಆ ವಾರ ತಾಯಿ ಮಗಳು ಮಠಕ್ಕೆ ಬಂದಾಗ ಆಕೆಯ ಮುಖದ ಚರ್ಮ ಈರುಳ್ಳಿ ಪೊರೆಯಂತೆ ತೆಳುವಾಗಿತ್ತು. ಗುಳ್ಳೆ ಎದ್ದಿದ್ದವು, ಕೆನ್ನೆಯ ಮೇಲೆ ಕೂದಲು ಬೆಳೆದಿದ್ದವು. ಆಕೆ ನಮ್ಮ ಮೇಜಿನ ಮುಂದೆ ನಿಂತು ಹೇಳಿದ ಮಾತು ಇಷ್ಟೇ: “ನೀವು ಕರಿ ಅಂತ ಬರದಿದ್ರ ನಾ ಹಿಂಗ ಆಗ್ತಿದ್ದಿಲ್ಲರಿ.”

ಲೆಕ್ಕಶಾಸ್ತ್ರದಲ್ಲಿ ಮೊದಲ ವರ್ಷವೇ ಕಲಿಸುವ ಪಾಠವೊಂದಿದೆ. ಗೋದಾಮಿನ ದಾಸ್ತಾನಿಗೂ ಪುಸ್ತಕದ ಲೆಕ್ಕಕ್ಕೂ ತಾಳೆಯಾಗದಿದ್ದರೆ ಪುಸ್ತಕ ತಿದ್ದಬೇಕು, ದಾಸ್ತಾನು ಸುಡಬಾರದು. ನಾವು ಪುಸ್ತಕದಲ್ಲಿ ಸುಳ್ಳು ಬರೆದೆವು. ಆ ಸುಳ್ಳಿಗೆ ತಾಳೆ ಹಾಕಲು ಒಂದು ಹೆಣ್ಣುಮಗು ತನ್ನ ಮುಖವನ್ನೇ ಸುಟ್ಟುಕೊಂಡಿತು.

ಇದು ಆಕೆಯೊಬ್ಬಳ ಕಥೆಯಲ್ಲ. ಈ ಹಾನಿ ಎಷ್ಟು ವ್ಯಾಪಕವೆಂದರೆ, ಸ್ಟೆರಾಯ್ಡಿನಿಂದ ಹಾಳಾದ ಮುಖವೆಂದೇ ನಮ್ಮ ದೇಶದ ಚರ್ಮವೈದ್ಯರು ಅದಕ್ಕೊಂದು ಹೆಸರಿಟ್ಟರು, ಅದರ ವಿರುದ್ಧ ತಮ್ಮ ಸಂಘದಲ್ಲಿ ಕಾರ್ಯಪಡೆ ರಚಿಸಿದರು. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ 14 ಸ್ಟೆರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ನಿಯಮ ಕಾಗದದ ಮೇಲಿದೆ, ಟ್ಯೂಬು ಈಗಲೂ ಸಿಗುತ್ತದೆ. ಗಜಕರ್ಣಕ್ಕೆ ಇಂಥ ಮಿಶ್ರಣ ಹಚ್ಚಿದ್ದರಿಂದ ಆ ಬೇನೆಯೂ ಹಟಮಾರಿಯಾಗಿದೆ. ಇನ್ನು ಪಾದರಸ ಬೆರೆತ ಬಿಳುಪಿನ ಕ್ರೀಮುಗಳು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯ 22 ರೋಗಿಗಳನ್ನು ಪರಿಶೀಲಿಸಿದ ವೈದ್ಯರು, ಅವರಲ್ಲಿ ಹೆಚ್ಚಿನವರು ಬಿಳುಪಿನ ಕ್ರೀಮು ಹಚ್ಚುತ್ತಿದ್ದವರೆಂದು ಕಂಡರು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡಕ್ಕೆ ಇಳಿಯಿತು.

1975ರಲ್ಲಿಯೇ ನಮ್ಮ ದೇಶದ ಪೇಟೆಗೆ ‘ಫೇರ್ ಅಂಡ್ ಲವ್ಲಿ’ ಬಂದಿತು. 2020ರಲ್ಲಿ ಅದು ಹೆಸರಿನಿಂದ ‘ಫೇರ್’ ಎಂಬುದನ್ನು ತೆಗೆದು ‘ಗ್ಲೋ ಅಂಡ್ ಲವ್ಲಿ’ ಆಯಿತು. ಡಬ್ಬಿಯ ಮೇಲಿನ ಹೆಸರು ಅಳಿಸುವುದು ಸುಲಭ. ನಮ್ಮ ದಫ್ತರದ ಕಾಲಂ ಮಾತ್ರ ಅಳಿಸದೆ ಉಳಿದಿತ್ತು.

ಹಿರಿಯರ ಪ್ರಶ್ನೆಗೆ ಉತ್ತರ

ಈಗ ಹಿರಿಯರಿಗೆ ಹೇಳಬೇಕಾದ ಮಾತು ನಮಗೆ ಹೊಳೆಯುತ್ತಿದೆ. ಬಣ್ಣ ನೋಡುವುದೇ ಭೇದವಲ್ಲ, ಬಣ್ಣ ನೋಡದಿರುವುದೇ ಸಮಾನತೆಯೂ ಅಲ್ಲ. ಯಾರಿಗಾಗಿ ನೋಡುತ್ತೇವೆ ಎಂಬುದೇ ಪ್ರಶ್ನೆ. ಜ್ವರದ ಕೂಸಿನ ಬಣ್ಣವನ್ನು ತಾಯಿ ನೋಡುವುದು ಕೂಸಿಗಾಗಿ. ಗಂಡಿನ ಕಡೆಯವರು ಹುಡುಗಿಯ ಮೊಣಕೈ ನೋಡುವುದು ತಮಗಾಗಿ. ಸೆರೆಮನೆಯ ವೈದ್ಯ ಕೈದಿಯ ಬೆನ್ನು ನೋಡಿದ್ದು ಕೈದಿಗಾಗಿ ಅಲ್ಲ. ನೋಡಿಸಿಕೊಂಡವರಿಗೆ ಹಿತವಾಗುವ ನೋಟ ಆರೈಕೆ. ನೋಡಿದವರಿಗಷ್ಟೇ ಲಾಭವಾಗುವ ನೋಟ ವ್ಯಾಪಾರ, ಕೆಲವೊಮ್ಮೆ ಹಿಂಸೆ.

ನಮ್ಮ ದುರ್ದೈವವೆಂದರೆ ನಾವು ಇವೆರಡನ್ನೂ ಅದಲು ಬದಲು ಮಾಡಿಕೊಂಡಿದ್ದೇವೆ. ಆಸ್ಪತ್ರೆಯಲ್ಲಿ, ಯಂತ್ರದಲ್ಲಿ, ಪಠ್ಯಪುಸ್ತಕದಲ್ಲಿ ಬಣ್ಣ ನೋಡಬೇಕಾಗಿತ್ತು, ಅಲ್ಲಿ ನೋಡಲಿಲ್ಲ. ಮದುವೆಯ ದಫ್ತರದಲ್ಲಿ, ತೊಟ್ಟಿಲಿನ ಮುಂದೆ, ಶಾಲೆಯ ನಾಟಕದ ಪಾತ್ರ ಹಂಚುವಾಗ ನೋಡಬೇಕಾಗಿರಲಿಲ್ಲ, ಅಲ್ಲೆಲ್ಲ ಕಣ್ಣರಳಿಸಿ ನೋಡಿದೆವು. ಸಭೆಯಲ್ಲಿ ಒಂದೇ ರಕ್ತವೆಂದು ಚಪ್ಪಾಳೆ ತಟ್ಟಿದ ಕೈಗಳೇ ಮಠದ ಕಚೇರಿಯಲ್ಲಿ ದಫ್ತರದ ಪುಟ ತಿರುವಿ ಹಾಕಿದ್ದನ್ನು ನಾವು ಬಲ್ಲೆವು. ಆ ಪುಟ ಬರೆದ ಕೈ ನಮ್ಮದು.

ಹುಡುಗಿಯ ಮಾತಿನಂತೆ ಕಪ್ಪು ಎಂದು ಬರೆದಿದ್ದರೆ ಸರಿಹೋಗುತ್ತಿತ್ತೇ ಎಂದೂ ಯೋಚಿಸಿದೆವು. ಆಗ ಸುಳ್ಳು ತಪ್ಪುತ್ತಿತ್ತು, ಅವಮಾನ ತಪ್ಪುತ್ತಿರಲಿಲ್ಲ. ಕಾಲಂ ಇರುವವರೆಗೆ ಅದರಲ್ಲಿ ಏನು ಬರೆದರೂ ತಪ್ಪೇ. ಪೂಜ್ಯ ಶ್ರೀಗಳವರ ಸನ್ನಿಧಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡೆವು. ಅವರ ಅಪ್ಪಣೆಯಂತೆ ಹೊಸ ದಫ್ತರದಲ್ಲಿ ಆ ಕಾಲಂ ಕೈಬಿಡಲಾಗಿದೆ. ಕೇಳುವವರು ಕಣ್ಣಾರೆ ನೋಡಿ ಹೇಗೂ ತಿಳಿಯುತ್ತಾರಲ್ಲ, ತೆಗೆದು ಏನು ಪ್ರಯೋಜನ ಎಂದು ಕೆಲವು ಪಾಲಕರು ಕೇಳಿದ್ದಾರೆ. ಅವರ ಮಾತೂ ನಿಜ. ಲೋಕದ ಕಣ್ಣನ್ನು ನಾವು ತಿದ್ದಲಾರೆವು. ಆದರೆ ಮಠದ ಮುದ್ರೆಯಿರುವ ಪುಸ್ತಕದಲ್ಲಿ ಆ ಕಣ್ಣಿಗೆ ನಾವೇ ಕನ್ನಡಕ ಹಾಕಿ ಕೊಡಬೇಕಾಗಿಲ್ಲ.

ನಾವು ಮಾಡಬಹುದಾದದ್ದು

ಚೀಟಿಯಿಲ್ಲದ ಟ್ಯೂಬು ಮುಖಕ್ಕೆ ಬೇಡ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿರುವವರು ನಾಚಿಕೆಪಡದೆ ಟ್ಯೂಬಿನ ಸಮೇತ ಚರ್ಮವೈದ್ಯರಲ್ಲಿಗೆ ಹೋಗಬೇಕು, ಅವರು ಹೇಳಿದಂತೆ ಬಿಡಬೇಕು. ವೈದ್ಯರ ಮುಂದೆ “ಮೊದಲು ಈ ಜಾಗ ಹೀಗಿತ್ತು, ಈಗ ಹೀಗಾಗಿದೆ” ಎಂದು ಹೇಳಲು ಸಂಕೋಚ ಬೇಡ. ನಮ್ಮ ಮೈಯ ಸಹಜ ಬಣ್ಣ ನಮಗೆ ತಿಳಿದಷ್ಟು ಅವರಿಗೆ ತಿಳಿದಿರುವುದಿಲ್ಲ. ಸ್ಪರ್ಶ ತಿಳಿಯದ ಮಂಕು ಮಚ್ಚೆ ಕಂಡರೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಕುಷ್ಠದ ಔಷಧ ಅಲ್ಲಿ ಪುಕ್ಕಟೆ, ಬೇಗ ಹೋದರೆ ಪೂರ್ತಿ ಗುಣ.

ಕೊನೆಗೆ ಆ ಹುಡುಗಿಯ ವಿಷಯ. ಸೊಲ್ಲಾಪುರದ ಚರ್ಮವೈದ್ಯರಲ್ಲಿಗೆ ನಾವೇ ಕರೆದುಕೊಂಡು ಹೋದೆವು. ಗುಣವಾಗಲು ಬಹಳ ತಿಂಗಳು ಬೇಕು, ಕೆಲವು ಗುರುತು ಉಳಿಯಬಹುದು ಎಂದರು. ಎರಡನೆಯ ಸಲ ಹೋದಾಗ, ವಿದ್ಯಾರ್ಥಿಗಳಿಗೆ ಕಲಿಸಲು ಆಕೆಯ ಮುಖದ ಫೋಟೋ ತೆಗೆಯಬಹುದೇ ಎಂದು ಕೇಳಿದರು. ಬೇಡವೆಂದರೂ ಚಿಕಿತ್ಸೆಗೆ ಅಡ್ಡಿಯಿಲ್ಲ ಎಂದು ಮೊದಲೇ ತಿಳಿಸಿದರು. ತಾಯಿ ಹೆದರಿ ತಲೆಯಾಡಿಸಿದರು. ನಾವು ಸುಮ್ಮನಿದ್ದೆವು. ಆಕೆಯ ಪರವಾಗಿ ಒಮ್ಮೆ ಬರೆದು ಕೆಡಿಸಿದ್ದೆವು. ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, ಹೆಸರು ಹಾಕಬಾರದು, ಕಣ್ಣು ಮುಚ್ಚಿರಬೇಕು ಎಂದು ಕರಾರು ಹೇಳಿ ಒಪ್ಪಿದಳು. “ನನ್ನಂಥ ಬಣ್ಣದಾಕಿ ಇನ್ನೊಬ್ಬಾಕಿ ಬಂದ್ರ ಡಾಕ್ಟರಿಗೆ ಲಗೂ ತಿಳೀಬೇಕಲ್ಲ” ಎಂದಳು.

ದಾಸೋಹವೆಂದರೆ ಅನ್ನ ಇಕ್ಕುವುದಷ್ಟೇ ಎಂದು ನಾವು ತಿಳಿದಿದ್ದೆವು. ತನ್ನ ನೋವಿನ ಮುಖವನ್ನೇ ಬೇರೆಯವರ ಪಾಠಕ್ಕೆ ಕೊಟ್ಟ ಈ ಮಗಳ ದಾನವನ್ನು ಯಾವ ಖಾತೆಗೆ ಜಮಾ ಮಾಡಬೇಕೋ ನಮಗೆ ತಿಳಿಯದು.

ಮಠದ ಫೋನಿಗೆ ಇಂದಿಗೂ ಕರೆ ಬರುತ್ತವೆ. ಹುಡುಗಿಯ ಓದು ಕೇಳುವ ಮೊದಲು ಬಣ್ಣ ಕೇಳುತ್ತಾರೆ. ಆ ಕಾಲಂ ನಮ್ಮಲ್ಲಿಲ್ಲ ಎಂದು ಹೇಳುತ್ತೇವೆ. ಕೆಲವರು ಫೋನು ಇಡುತ್ತಾರೆ. ಕೆಲವರು ಒಂದು ಗಳಿಗೆ ತಡೆದು, ಹಾಗಾದರೆ ಓದು ಎಷ್ಟಾಗಿದೆ ಹೇಳಿರಿ ಎನ್ನುತ್ತಾರೆ.



ಕಾರ್ಯದರ್ಶಿಗಳು, ಶ್ರೀಮಠ